ನೀಹಾರಿಕೆಗಳ ವರ್ಣಚಿತ್ರಗಳು ಮತ್ತು ಆಕೃತಿ ಗ್ರಹಿಕೆ

ನೀಹಾರಿಕೆಗಳ ವರ್ಣಚಿತ್ರಗಳು ಎಂದರೆ ನಕ್ಷತ್ರಗಳ ನಡುವಿನ ಅವಕಾಶದಲ್ಲಿ ಹರಡಿರುವ ಅನಿಲ ಮತ್ತು ದೂಳಿನ ಮೋಡಗಳನ್ನು ದೂರದರ್ಶಕದ ಮೂಲಕ ಸೆರೆಹಿಡಿದು, ಬೇರೆ ಬೇರೆ ತರಂಗಾಂತರಗಳಿಗೆ ಬಣ್ಣ ಕೊಟ್ಟು ಸಿದ್ಧಪಡಿಸಿದ ಛಾಯಾಚಿತ್ರಗಳು. ಇವುಗಳಲ್ಲಿ ಕುದುರೆ, ಹದ್ದು, ಚಿಟ್ಟೆ, ಕಣ್ಣು, ಕೈ ಮೊದಲಾದ ಪರಿಚಿತ ರೂಪಗಳನ್ನು ಕಾಣುವ ಮನೋವ್ಯಾಪಾರಕ್ಕೆ ಆಕೃತಿ ಗ್ರಹಿಕೆ ಎಂದು ಹೆಸರು. ಮನೋವಿಜ್ಞಾನದಲ್ಲಿ ಇದನ್ನು ಪ್ಯಾರೀಡೋಲಿಯಾ ಎನ್ನುತ್ತಾರೆ. ಖಗೋಳದ ಎಷ್ಟೋ ಕಾಯಗಳಿಗೆ ಜನಪ್ರಿಯ ಹೆಸರು ಬಂದಿರುವುದು ಇದರಿಂದಲೇ. ಈ ಲೇಖನವು ನೀಹಾರಿಕೆಗಳ ವಿಧಗಳು, ಅವುಗಳ ಚಿತ್ರ ತಯಾರಾಗುವ ಬಗೆ, ಆಕೃತಿ ಗ್ರಹಿಕೆಯ ಕಾರಣಗಳು ಮತ್ತು ಕರ್ನಾಟಕದಲ್ಲಿ, ವಿಶೇಷವಾಗಿ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ, ಇವುಗಳ ವೀಕ್ಷಣೆಯನ್ನು ಕುರಿತದ್ದು.

ಇತಿಹಾಸ

ಆಕಾಶದ ಮಸುಕು ಕಲೆಗಳಲ್ಲಿ ರೂಪ ಕಾಣುವುದು ದೂರದರ್ಶಕಕ್ಕಿಂತ ಹಳೆಯದು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಜನರು ಆಕಾಶಗಂಗೆಯ ಕಪ್ಪು ಪಟ್ಟೆಗಳಲ್ಲಿ ಲಾಮಾ ಪ್ರಾಣಿಯನ್ನು ಗುರುತಿಸಿದರು. ಆಸ್ಟ್ರೇಲಿಯದ ಮೂಲನಿವಾಸಿಗಳು ಅದೇ ಬಗೆಯ ಪಟ್ಟೆಗಳಲ್ಲಿ ಎಮು ಹಕ್ಕಿಯನ್ನು ಕಂಡರು. ಕೋಲ್‌ಸ್ಯಾಕ್ ಎಂಬ ಕಪ್ಪು ನೀಹಾರಿಕೆ ಆ ಹಕ್ಕಿಯ ತಲೆ. ಭಾರತದಲ್ಲಿ ರೂಪಕಲ್ಪನೆಯು ಮುಖ್ಯವಾಗಿ ನಕ್ಷತ್ರಗಳ ಜೋಡಣೆಯನ್ನೂ ಚಂದ್ರನ ಕಲೆಯನ್ನೂ ಆಧರಿಸಿತು. ಮೃಗಶಿರ ಎಂದರೆ ಜಿಂಕೆಯ ತಲೆ. ಐತರೇಯ ಬ್ರಾಹ್ಮಣದ ಕಥೆಯಲ್ಲಿ ಮೃಗರೂಪದ ಪ್ರಜಾಪತಿಯನ್ನು ಚುಚ್ಚಿದ ಮೂರು ಭಾಗದ ಬಾಣವನ್ನು ಇಂದಿನ ಮಹಾವ್ಯಾಧ ಪುಂಜದ ನಡುವಿನ ಮೂರು ನಕ್ಷತ್ರಗಳೊಂದಿಗೆ ಗುರುತಿಸಲಾಗುತ್ತದೆ. ಚಂದ್ರನಲ್ಲಿ ಮೊಲವನ್ನು ಕಂಡದ್ದರಿಂದ ಅವನಿಗೆ ಶಶಾಂಕ ಎಂಬ ಹೆಸರು ಬಂತು.

ಪರ್ಷಿಯದ ಅಲ್ ಸೂಫಿ 964ರಲ್ಲಿ ರಚಿಸಿದ ನಕ್ಷತ್ರಗ್ರಂಥದಲ್ಲಿ ದೇವಯಾನಿ ಪುಂಜದ ಮಸುಕು ಕಲೆಯನ್ನು ಸಣ್ಣ ಮೋಡವೆಂದು ದಾಖಲಿಸಿದ. ಅದು ನಮ್ಮ ಆಕಾಶಗಂಗೆಯ ಹೊರಗಿನ ಗೆಲಾಕ್ಸಿ ಎಂಬುದು 20ನೆಯ ಶತಮಾನದಲ್ಲಷ್ಟೇ ಖಚಿತವಾಯಿತು. ಅಲ್ಲಿಯವರೆಗೆ ಗೆಲಾಕ್ಸಿಗಳನ್ನೂ ನೀಹಾರಿಕೆ ಎಂದೇ ಕರೆಯುತ್ತಿದ್ದರು. ಈ ಲೇಖನದಲ್ಲಿ ನೀಹಾರಿಕೆ ಎಂದರೆ ಗೆಲಾಕ್ಸಿಯೊಳಗಿನ ಅನಿಲ–ದೂಳಿನ ಮೋಡ ಮಾತ್ರ. ಫ್ರಾನ್ಸಿನ ಪೆಯ್ರೆಸ್ಕ್ 1610ರಲ್ಲಿ ಮಹಾವ್ಯಾಧ ನೀಹಾರಿಕೆಯನ್ನು ದೂರದರ್ಶಕದಿಂದ ನೋಡಿದ. ಧೂಮಕೇತುಗಳನ್ನು ಹುಡುಕುತ್ತಿದ್ದ ಶಾರ್ಲ್ ಮೆಸ್ಸಿಯೆ, ಧೂಮಕೇತುವೆಂದು ಭ್ರಮೆ ಹುಟ್ಟಿಸುವ ಕಾಯಗಳ ಪಟ್ಟಿ ಮಾಡತೊಡಗಿದ. 1781ರ ಆವೃತ್ತಿಯಲ್ಲಿ ಅಂಥ 103 ಕಾಯಗಳಿದ್ದವು. ವಿಲಿಯಂ ಹರ್ಷೆಲ್ ತನ್ನ ತಂಗಿ ಕ್ಯಾರೊಲಿನ್ ನೆರವಿನಿಂದ ಸುಮಾರು 2,500 ಕಾಯಗಳನ್ನು ದಾಖಲಿಸಿದ. 1888ರಲ್ಲಿ ಡ್ರೇಯರ್ ಪ್ರಕಟಿಸಿದ ಹೊಸ ಸಾಮಾನ್ಯ ಪಟ್ಟಿಯಲ್ಲಿ 7,840 ನಮೂದುಗಳಿದ್ದವು. ಈಗಲೂ ಬಳಕೆಯಲ್ಲಿರುವ ಎನ್‌ಜಿಸಿ ಸಂಖ್ಯೆಗಳು ಆ ಪಟ್ಟಿಯವು.

ಛಾಯಾಚಿತ್ರ ಬರುವ ಮೊದಲು ವೀಕ್ಷಕರು ಕಂಡದ್ದನ್ನು ಕೈಯಿಂದ ಬರೆದಿಡುತ್ತಿದ್ದರು. ಲಾರ್ಡ್ ರಾಸ್ 1840ರ ದಶಕದಲ್ಲಿ ಬರೆದ ಚಿತ್ರವೊಂದರಿಂದ ವೃಷಭ ರಾಶಿಯ ನೀಹಾರಿಕೆಗೆ ಏಡಿ ನೀಹಾರಿಕೆ ಎಂಬ ಹೆಸರು ನಿಂತಿತು. ಈಗಿನ ಛಾಯಾಚಿತ್ರಗಳಲ್ಲಿ ಅದು ಏಡಿಯನ್ನು ಅಷ್ಟಾಗಿ ಹೋಲುವುದಿಲ್ಲವಾದರೂ ಹೆಸರು ಉಳಿದಿದೆ.

ಅಮೆರಿಕದ ಹೆನ್ರಿ ಡ್ರೇಪರ್ 1880ರ ಸೆಪ್ಟೆಂಬರ್ 30ರಂದು ಮಹಾವ್ಯಾಧ ನೀಹಾರಿಕೆಯ ಛಾಯಾಚಿತ್ರ ತೆಗೆದ. ನೀಹಾರಿಕೆಯೊಂದರ ಮೊದಲ ಛಾಯಾಚಿತ್ರ ಅದು. ತಟ್ಟೆಯನ್ನು 51 ನಿಮಿಷ ಬೆಳಕಿಗೆ ಒಡ್ಡಲಾಗಿತ್ತು. ಮೂರು ವರ್ಷಗಳ ಬಳಿಕ ಇಂಗ್ಲೆಂಡಿನ ಆಂಡ್ರ್ಯೂ ಕಾಮನ್ ತೆಗೆದ ಚಿತ್ರಗಳಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳೂ ಮೂಡಿದವು. 1888ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ವಿಲಿಯಮಿನಾ ಫ್ಲೆಮಿಂಗ್ ಗಾಜಿನ ತಟ್ಟೆಯೊಂದನ್ನು ಪರಿಶೀಲಿಸುವಾಗ ಇಂದು ಕುದುರೆಮುಖ ನೀಹಾರಿಕೆ ಎನಿಸಿಕೊಂಡಿರುವ ಕಪ್ಪು ಆಕೃತಿಯನ್ನು ಗುರುತಿಸಿದರು. 1890ರಲ್ಲಿ ಜರ್ಮನಿಯ ಮಾಕ್ಸ್ ವೋಲ್ಫ್ ತೆಗೆದ ಚಿತ್ರದಲ್ಲಿ ಉತ್ತರ ಅಮೆರಿಕ ಖಂಡದ ರೂಪ ಸ್ಪಷ್ಟವಾಗಿ ಕಂಡುಬಂತು. 1919ರಲ್ಲಿ ಎಡ್ವರ್ಡ್ ಬರ್ನಾರ್ಡ್ 182 ಕಪ್ಪು ನೀಹಾರಿಕೆಗಳ ಪಟ್ಟಿಯನ್ನು ಪ್ರಕಟಿಸಿದ.

ರಚನೆ ಮತ್ತು ವಿಧಗಳು

ನೀಹಾರಿಕೆಗಳಲ್ಲಿ ಹೆಚ್ಚಿನ ಪಾಲು ಜಲಜನಕ, ಉಳಿದುದರಲ್ಲಿ ಹೀಲಿಯಂ. ಆಮ್ಲಜನಕ, ಗಂಧಕ, ಸಾರಜನಕ, ಇಂಗಾಲ ಮತ್ತು ಸಿಲಿಕೇಟ್ ದೂಳು ಸ್ವಲ್ಪ ಪ್ರಮಾಣದಲ್ಲಿರುತ್ತವೆ. ಚಿತ್ರದಲ್ಲಿ ದಟ್ಟವಾಗಿ ಕಂಡರೂ ಇವು ಅತಿ ವಿರಳ. ಹೊಳೆಯುವ ನೀಹಾರಿಕೆಯ ಒಂದು ಘನ ಸೆಂಟಿಮೀಟರಿನಲ್ಲಿ ಸಾಮಾನ್ಯವಾಗಿ ನೂರರಿಂದ ಹತ್ತು ಸಾವಿರ ಕಣಗಳಿರುತ್ತವೆ. ಸಮುದ್ರಮಟ್ಟದ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿ ಇರುವ ಅಣುಗಳ ಸಂಖ್ಯೆ 25ರ ಮುಂದೆ 18 ಸೊನ್ನೆ. ಹತ್ತಾರು ಜ್ಯೋತಿರ್ವರ್ಷಗಳ ಆಳದ ಬೆಳಕು ಒಟ್ಟುಗೂಡುವುದರಿಂದ ನೀಹಾರಿಕೆ ಕಾಣಸಿಗುತ್ತದೆ. ಮುಖ್ಯ ವಿಧಗಳು ಐದು.

ಉತ್ಸರ್ಜನ ನೀಹಾರಿಕೆ: ಹತ್ತಿರದ ಬಿಸಿ ನಕ್ಷತ್ರಗಳ ಅತಿನೇರಳೆ ಕಿರಣಗಳು ಅನಿಲದ ಪರಮಾಣುಗಳಿಂದ ಇಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಅವು ಮರಳಿ ಕೂಡಿಕೊಳ್ಳುವಾಗ ಬೆಳಕು ಹೊರಡುತ್ತದೆ. ಇಂಥ ಅನಿಲದ ಉಷ್ಣತೆ ಸುಮಾರು 10,000 ಕೆಲ್ವಿನ್. ಸುಮಾರು 1,340 ಜ್ಯೋತಿರ್ವರ್ಷ ದೂರದ ಮಹಾವ್ಯಾಧ ನೀಹಾರಿಕೆ ಮತ್ತು ಧನು ರಾಶಿಯ ಲಗೂನ್ ನೀಹಾರಿಕೆ ಈ ವಿಧದವು. ಇವು ನಕ್ಷತ್ರಗಳು ಹುಟ್ಟುವ ಸ್ಥಳಗಳು.

ಪ್ರತಿಫಲನ ನೀಹಾರಿಕೆ: ಮಂಜಿನಲ್ಲಿ ಬೀದಿದೀಪದ ಸುತ್ತ ಕಾಣುವ ಪ್ರಭೆಯಂತೆ, ಇಲ್ಲಿ ದೂಳು ತಾನಾಗಿ ಬೆಳಗದೆ ನಕ್ಷತ್ರದ ಬೆಳಕನ್ನು ಚದುರಿಸುತ್ತದೆ. ನೀಲಿ ಬೆಳಕು ಹೆಚ್ಚು ಚದುರುವುದರಿಂದ ಇವು ನೀಲಿಯಾಗಿರುತ್ತವೆ. ಕೃತ್ತಿಕೆಯ ಸುತ್ತಲಿನ ಮಸುಕು ಇದಕ್ಕೆ ಉದಾಹರಣೆ. ಆ ಮಸುಕಿನ ರೋಹಿತವು ನಕ್ಷತ್ರಗಳ ರೋಹಿತವನ್ನೇ ಹೋಲುತ್ತದೆ ಎಂದು ವೆಸ್ಟೊ ಸ್ಲೈಫರ್ 1912ರಲ್ಲಿ ತೋರಿಸಿದ.

ಕಪ್ಪು ನೀಹಾರಿಕೆ: ದೂಳು ಹಿನ್ನೆಲೆಯ ಬೆಳಕನ್ನು ತಡೆದು ನೆರಳುರೂಪವಾಗಿ ಕಾಣುತ್ತದೆ. ಇವು 10ರಿಂದ 20 ಕೆಲ್ವಿನ್ ಉಷ್ಣತೆಯ ಅತಿ ಶೀತಲ ಮೋಡಗಳು. ಕುದುರೆಮುಖ ನೀಹಾರಿಕೆ ಇವುಗಳಲ್ಲಿ ಪ್ರಸಿದ್ಧ.

ಗ್ರಹೀಯ ನೀಹಾರಿಕೆ: ಸೂರ್ಯನಂಥ ನಕ್ಷತ್ರವು ಕೊನೆಗಾಲದಲ್ಲಿ ಹೊರಚೆಲ್ಲಿದ ಅನಿಲದ ಕವಚ. ಗ್ರಹಗಳಿಗೂ ಇದಕ್ಕೂ ಸಂಬಂಧವಿಲ್ಲ. ದೂರದರ್ಶಕದಲ್ಲಿ ಗ್ರಹದ ತಟ್ಟೆಯಂತೆ ಕಂಡದ್ದರಿಂದ ಹರ್ಷೆಲ್ ಆ ಹೆಸರಿಟ್ಟ. ಉಂಗುರ ನೀಹಾರಿಕೆ ಮತ್ತು ಚಿಟ್ಟೆ ನೀಹಾರಿಕೆ ಈ ಗುಂಪಿನವು.

ಸೂಪರ್‌ನೋವಾ ಅವಶೇಷ: ಭಾರಿ ನಕ್ಷತ್ರ ಸ್ಫೋಟಿಸಿದಾಗ ಉಳಿದ ಅನಿಲದ ಎಳೆಗಳು. ಏಡಿ ನೀಹಾರಿಕೆಯು 1054ರಲ್ಲಿ ಚೀನಾದ ವೀಕ್ಷಕರು ದಾಖಲಿಸಿದ ಸ್ಫೋಟದ ಅವಶೇಷ. ಅದರ ಅನಿಲ ಸೆಕೆಂಡಿಗೆ ಸುಮಾರು 1,500 ಕಿಲೋಮೀಟರ್ ವೇಗದಲ್ಲಿ ಹರಡುತ್ತಿದೆ. ದಶಕಗಳ ಅಂತರದಲ್ಲಿ ತೆಗೆದ ಚಿತ್ರಗಳನ್ನು ಹೋಲಿಸಿದರೆ ಈ ಹಿಗ್ಗುವಿಕೆ ಗೊತ್ತಾಗುತ್ತದೆ.

ಬಣ್ಣಗಳ ಮೂಲ

1864ರಲ್ಲಿ ವಿಲಿಯಂ ಹಗ್ಗಿನ್ಸ್ ಬೆಕ್ಕಿನ ಕಣ್ಣು ನೀಹಾರಿಕೆಯ ರೋಹಿತವನ್ನು ಪರೀಕ್ಷಿಸಿ, ಅದು ಕೆಲವೇ ಪ್ರಕಾಶರೇಖೆಗಳಿಂದ ಕೂಡಿದೆಯೆಂದು ಕಂಡ. ನೀಹಾರಿಕೆ ಅನಿಲವೆಂಬುದಕ್ಕೆ ಇದು ಮೊದಲ ಸಾಕ್ಷ್ಯ. ಭೂಮಿಯ ಯಾವ ಧಾತುವಿಗೂ ಹೊಂದದ ಹಸಿರು ರೇಖೆಗಳಿಗೆ ನೆಬ್ಯೂಲಿಯಂ ಎಂಬ ಹೊಸ ಧಾತುವೇ ಕಾರಣವೆಂದು ಆಗ ಊಹಿಸಲಾಗಿತ್ತು. ಅವು ಎರಡು ಇಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕದವು ಎಂದು 1927ರಲ್ಲಿ ಐರಾ ಬೋವೆನ್ ವಿವರಿಸಿದ.

ಜಲಜನಕದ ಮುಖ್ಯ ರೇಖೆ 656.3 ನ್ಯಾನೊಮೀಟರಿನಲ್ಲಿ ಕೆಂಪಾಗಿಯೂ, ಆಮ್ಲಜನಕದ್ದು 500.7 ನ್ಯಾನೊಮೀಟರಿನಲ್ಲಿ ನೀಲಿಹಸಿರಾಗಿಯೂ, ಗಂಧಕದ್ದು 672 ನ್ಯಾನೊಮೀಟರಿನ ಆಸುಪಾಸಿನಲ್ಲಿ ಕಡುಗೆಂಪಾಗಿಯೂ ಇರುತ್ತದೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳು ಬಣ್ಣವನ್ನು ಗುರುತಿಸಲಾರವು. ಅವು 507 ನ್ಯಾನೊಮೀಟರಿನ ಹತ್ತಿರ ಅತಿ ಸೂಕ್ಷ್ಮವಾಗಿದ್ದು, ಕೆಂಪನ್ನು ಬಹುತೇಕ ಗ್ರಹಿಸುವುದಿಲ್ಲ. ಆದ್ದರಿಂದ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದಾಗ ಹೆಚ್ಚಿನ ನೀಹಾರಿಕೆಗಳು ಬೂದು ಅಥವಾ ತಿಳಿಹಸಿರಾಗಿ ಕಾಣುತ್ತವೆ. ಚಿತ್ರದ ಕೆಂಪು ಕಟ್ಟುಕಥೆಯಲ್ಲ. ಕಣ್ಣಿಗೆ ದಕ್ಕದ ನಿಜವಾದ ಬೆಳಕು.

ಚಿತ್ರ ತಯಾರಿಕೆ

ವೈಜ್ಞಾನಿಕ ಕ್ಯಾಮೆರಾಗಳು ಸಾಮಾನ್ಯವಾಗಿ ಕಪ್ಪು–ಬಿಳುಪಿನಲ್ಲಿ ಚಿತ್ರ ತೆಗೆಯುತ್ತವೆ. ಒಂದೊಂದು ತರಂಗಾಂತರವನ್ನಷ್ಟೇ ಬಿಡುವ ಶೋಧಕಗಳನ್ನು ಅಡ್ಡವಿಟ್ಟು ಪ್ರತ್ಯೇಕ ಚಿತ್ರಗಳನ್ನು ತೆಗೆದು, ಒಂದೊಂದಕ್ಕೂ ಒಂದು ಬಣ್ಣ ಕೊಟ್ಟು ಕೂಡಿಸಲಾಗುತ್ತದೆ. ಇದರಲ್ಲಿ ಮೂರು ಪದ್ಧತಿಗಳಿವೆ.

ಸಹಜವರ್ಣ ಪದ್ಧತಿಯಲ್ಲಿ ಕೆಂಪು, ಹಸಿರು, ನೀಲಿ ಶೋಧಕಗಳ ಚಿತ್ರಗಳಿಗೆ ಅವವೇ ಬಣ್ಣ. ಆಸ್ಟ್ರೇಲಿಯದ ಡೇವಿಡ್ ಮ್ಯಾಲಿನ್ 1970 ಮತ್ತು 80ರ ದಶಕಗಳಲ್ಲಿ ಗಾಜಿನ ತಟ್ಟೆಗಳಿಂದ ಈ ವಿಧಾನದ ಹೆಸರಾಂತ ಚಿತ್ರಗಳನ್ನು ರೂಪಿಸಿದರು.

ಹಬಲ್ ವರ್ಣಕ್ರಮದಲ್ಲಿ ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಡುತ್ತಾರೆ. ಸಹಜವಾಗಿ ಕೆಂಪಾಗಿರುವ ಜಲಜನಕ ಮತ್ತು ಗಂಧಕವನ್ನು ಬೇರ್ಪಡಿಸಿ ತೋರಿಸುವುದು ಇದರ ಉದ್ದೇಶ. 1995ರಲ್ಲಿ ಹಬಲ್ ದೂರದರ್ಶಕವು ಹದ್ದು ನೀಹಾರಿಕೆಯಲ್ಲಿ ಸೆರೆಹಿಡಿದ ಸೃಷ್ಟಿಯ ಸ್ತಂಭಗಳು ಎಂಬ ಚಿತ್ರ ಈ ಕ್ರಮವನ್ನು ಪ್ರಚಾರಕ್ಕೆ ತಂದಿತು. ಆ ಸ್ತಂಭಗಳಲ್ಲಿ ಅತಿ ಎತ್ತರದ್ದು ಸುಮಾರು 4 ಜ್ಯೋತಿರ್ವರ್ಷ ಉದ್ದವಿದೆ.

ಪ್ರಾತಿನಿಧಿಕ ವರ್ಣ ಪದ್ಧತಿಯಲ್ಲಿ ಕಣ್ಣಿಗೆ ಕಾಣದ ಅವಕೆಂಪು, ಅತಿನೇರಳೆ, ಕ್ಷ–ಕಿರಣಗಳಿಗೆ ಬಣ್ಣ ಕೊಡಲಾಗುತ್ತದೆ. 2021ರ ಡಿಸೆಂಬರ್ 25ರಂದು ಉಡಾವಣೆಯಾದ ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಲ್ಲಿ ಉದ್ದದ ತರಂಗಗಳಿಗೆ ಕೆಂಪನ್ನೂ ಗಿಡ್ಡ ತರಂಗಗಳಿಗೆ ನೀಲಿಯನ್ನೂ ಕೊಡುವುದು ವಾಡಿಕೆ. ಅವಕೆಂಪು ಬೆಳಕು ದೂಳನ್ನು ದಾಟಿ ಬರುವುದರಿಂದ, ಅದೇ ಸ್ತಂಭಗಳ 2022ರ ಚಿತ್ರದಲ್ಲಿ ಮೊದಲು ಮರೆಯಾಗಿದ್ದ ಅಸಂಖ್ಯ ನಕ್ಷತ್ರಗಳು ಕಾಣುತ್ತವೆ.

ಆಕೃತಿ ಗ್ರಹಿಕೆಯ ಕಾರಣಗಳು

ಮಿದುಳಿನ ಕಪೋಲ ಭಾಗದ ಕೆಳಬದಿಯಲ್ಲಿ ಮುಖಗಳನ್ನು ಗುರುತಿಸುವ ಪ್ರದೇಶವಿದೆ. ಮುಖವನ್ನು ಕಂಡ ಸುಮಾರು 170 ಮಿಲಿಸೆಕೆಂಡುಗಳಲ್ಲಿ ಮಿದುಳಿನ ವಿದ್ಯುತ್ ಸಂಕೇತದಲ್ಲಿ ವಿಶಿಷ್ಟ ಬದಲಾವಣೆ ದಾಖಲಾಗುತ್ತದೆ. ಮುಖವನ್ನು ಹೋಲುವ ನಿರ್ಜೀವ ವಸ್ತುಗಳನ್ನು ನೋಡಿದಾಗಲೂ ಇದೇ ವ್ಯವಸ್ಥೆ ಚುರುಕಾಗುತ್ತದೆ. ಇದು ರೋಗಲಕ್ಷಣವಲ್ಲ, ಆರೋಗ್ಯವಂತ ದೃಷ್ಟಿಯ ಸಹಜ ಗುಣ. ಬೆಟ್ಟ, ಮೋಡ, ಮರದ ಬೊಡ್ಡೆಗಳಲ್ಲಿಯೂ ಇದು ನಡೆಯುತ್ತದೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ 1,894 ಮೀಟರ್ ಎತ್ತರದ ಕುದುರೆಮುಖ ಶಿಖರಕ್ಕೆ ಹೆಸರು ಬಂದದ್ದು ಒಂದು ಬದಿಯಿಂದ ಅದು ಕುದುರೆಯ ಮುಖದಂತೆ ಕಾಣುವುದರಿಂದ.

ನೀಹಾರಿಕೆಗಳಲ್ಲಿ ಆಕೃತಿ ಸುಲಭವಾಗಿ ಮೂಡುವುದಕ್ಕೆ ಭೌತಿಕ ಕಾರಣಗಳೂ ಇವೆ. ಬಿಸಿ ನಕ್ಷತ್ರಗಳ ವಿಕಿರಣವು ತೆಳು ಅನಿಲವನ್ನು ಕೊರೆದು ದಟ್ಟ ಗಂಟುಗಳನ್ನು ಉಳಿಸುವುದರಿಂದ ಕಂಬ, ಸೊಂಡಿಲು, ಬೆರಳುಗಳಂಥ ಚಾಚುಗಳು ಉಂಟಾಗುತ್ತವೆ. ಸಾಯುವ ನಕ್ಷತ್ರದ ಅನಿಲ ಎರಡು ವಿರುದ್ಧ ದಿಕ್ಕುಗಳಿಗೆ ಚಿಮ್ಮಿದಾಗ ಚಿಟ್ಟೆಯ ರೆಕ್ಕೆಗಳಂಥ ಸಮಮಿತಿ ಬರುತ್ತದೆ. ಗೋಳಾಕಾರದ ಕವಚದ ಅಂಚಿನಲ್ಲಿ ಅನಿಲದ ಆಳ ಹೆಚ್ಚಾಗಿ, ನಡುವೆ ಕಡಿಮೆಯಾಗಿ ಕಂಡಾಗ ಉಂಗುರ ಅಥವಾ ಕಣ್ಣಿನ ರೂಪ ಸಿಗುತ್ತದೆ.

ಆಕೃತಿಯು ನೋಡುವ ಕೋನ, ತರಂಗಾಂತರ ಮತ್ತು ಚಿತ್ರದ ದಿಕ್ಕನ್ನು ಅವಲಂಬಿಸಿದೆ. ಕುದುರೆಮುಖ ನೀಹಾರಿಕೆ ಕಪ್ಪಾಗಿ ಕಾಣುವುದು ಅದರ ಹಿಂದೆ ಜಲಜನಕದ ಕೆಂಪು ಹಿನ್ನೆಲೆ ಇರುವುದರಿಂದ. ಅವಕೆಂಪು ಚಿತ್ರದಲ್ಲಿ ಅದು ಅರೆಪಾರದರ್ಶಕ ಮೋಡವಾಗಿ ಮಾರ್ಪಡುತ್ತದೆ. ಚಿತ್ರವನ್ನು ತಲೆಕೆಳಗು ಮಾಡಿದರೆ ಎಷ್ಟೋ ರೂಪಗಳು ಮರೆಯಾಗುತ್ತವೆ. ಗ್ರಹಿಕೆ ದಾರಿತಪ್ಪಿಸುವ ಸಂದರ್ಭಗಳೂ ಉಂಟು. 1976ರಲ್ಲಿ ವೈಕಿಂಗ್ 1 ನೌಕೆ ಮಂಗಳನ ಮೇಲೆ ಮಾನವ ಮುಖದಂಥ ದಿಬ್ಬವೊಂದರ ಚಿತ್ರ ತೆಗೆಯಿತು. 1998 ಮತ್ತು 2001ರ ಸ್ಪಷ್ಟತರ ಚಿತ್ರಗಳಲ್ಲಿ ಅದು ಸಾಮಾನ್ಯ ಬೆಟ್ಟವೆಂದು ಗೊತ್ತಾಯಿತು.

ಪ್ರಸಿದ್ಧ ಆಕೃತಿಗಳು

ಪ್ರಾಣಿ–ಪಕ್ಷಿ: ಕುದುರೆಮುಖ, ಹದ್ದು, ಏಡಿ, ಚಿಟ್ಟೆ, ಪೆಲಿಕನ್, ಆನೆಯ ಸೊಂಡಿಲು, ಬೆಕ್ಕಿನ ಹೆಜ್ಜೆ ಮತ್ತು ಓಡುವ ಕೋಳಿ ನೀಹಾರಿಕೆಗಳು. ಟರಂಟುಲಾ ಜೇಡದ ಹೆಸರಿನ ನೀಹಾರಿಕೆ ಸುಮಾರು 1,60,000 ಜ್ಯೋತಿರ್ವರ್ಷ ದೂರದಲ್ಲಿ, ನಮ್ಮ ನೆರೆಯ ಸಣ್ಣ ಗೆಲಾಕ್ಸಿಯಲ್ಲಿದೆ.

ದೇಹದ ಅಂಗಗಳು: ಹೃದಯ ನೀಹಾರಿಕೆ, ಕಣ್ಣಿನಂತೆ ಕಾಣುವ ಹೆಲಿಕ್ಸ್, ರೈಜೆಲ್ ನಕ್ಷತ್ರದ ಬಳಿಯ ಮಾಟಗಾತಿಯ ತಲೆ. ಚಂದ್ರ ಎಕ್ಸ್–ರೇ ವೀಕ್ಷಣಾಲಯದ 2009ರ ಚಿತ್ರವೊಂದರಲ್ಲಿ ಪಲ್ಸಾರ್ ನಕ್ಷತ್ರದ ಸುತ್ತಲಿನ ಮೋಡ ಚಾಚಿದ ಕೈಯಂತೆ ಕಂಡು, ದೇವರ ಕೈ ಎಂದು ಹೆಸರಾಯಿತು. ಈ ವೀಕ್ಷಣಾಲಯಕ್ಕೆ ಭಾರತ ಮೂಲದ ಖಭೌತ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿದೆ.

ವಸ್ತು ಮತ್ತು ಭೂಪ್ರದೇಶ: ಉಂಗುರ, ಡಂಬೆಲ್, ಮುಸುಕು, ಉತ್ತರ ಅಮೆರಿಕ, ಕ್ಯಾಲಿಫೋರ್ನಿಯಾ ಮತ್ತು ಗುಲಾಬಿಯ ಹೆಸರಿನ ರೊಸೆಟ್.

ಜನಪ್ರಿಯ ಹೆಸರುಗಳು ಬದಲಾಗುವುದೂ ಉಂಟು. ಸಮುದಾಯವೊಂದಕ್ಕೆ ನೋವುಂಟುಮಾಡುವ ಪದವಿದ್ದುದರಿಂದ ಎನ್‌ಜಿಸಿ 2392 ಎಂಬ ಗ್ರಹೀಯ ನೀಹಾರಿಕೆಯ ಎಸ್ಕಿಮೊ ಎಂಬ ಅಡ್ಡಹೆಸರನ್ನು ನಾಸಾ 2020ರಲ್ಲಿ ಕೈಬಿಟ್ಟಿತು.

ಕರ್ನಾಟಕದಲ್ಲಿ ಅಧ್ಯಯನ ಮತ್ತು ಪ್ರಸಾರ

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತದೆ. 2015ರ ಸೆಪ್ಟೆಂಬರ್ 28ರಂದು ಉಡಾವಣೆಯಾದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಸಿದ್ಧಪಡಿಸುವ ಕೆಲಸದಲ್ಲೂ ಈ ಸಂಸ್ಥೆ ಮುಂದಾಳು. ಆ ಉಪಕರಣದಿಂದ ಚಿಟ್ಟೆ ನೀಹಾರಿಕೆಯನ್ನು ಪರಿಶೀಲಿಸಿದಾಗ, ಗೋಚರ ಬೆಳಕಿನಲ್ಲಿ ಕಾಣುವ ರೆಕ್ಕೆಗಳಾಚೆಗೂ ಅನಿಲ ಹಬ್ಬಿರುವುದು ತಿಳಿದುಬಂತು. 2018ರಲ್ಲಿ ಪ್ರಕಟವಾದ ಈ ಫಲಿತಾಂಶವು ಚಿಟ್ಟೆಯ ರೂಪ ನೀಹಾರಿಕೆಯ ಒಂದು ಭಾಗವಷ್ಟೇ ಎಂಬುದನ್ನು ತೋರಿಸಿತು.

ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ, ಮಂಗಳೂರಿನ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯ ಮತ್ತು ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರ ಖಗೋಳ ಜ್ಞಾನದ ಪ್ರಸಾರದಲ್ಲಿ ತೊಡಗಿವೆ. ಕನ್ನಡದಲ್ಲಿ ಆರ್. ಎಲ್. ನರಸಿಂಹಯ್ಯ, ಜಿ. ಟಿ. ನಾರಾಯಣ ರಾವ್, ಬಿ. ಎಸ್. ಶೈಲಜಾ ಮೊದಲಾದವರು ಖಗೋಳ ವಿಷಯಗಳನ್ನು ಜನರಿಗೆ ತಲುಪಿಸಿದ್ದಾರೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲ ವಿಜ್ಞಾನ ಪತ್ರಿಕೆಯೂ ಈ ಕೆಲಸದಲ್ಲಿ ಪಾಲು ಪಡೆದಿದೆ.

ಬೈಲಹೊಂಗಲ–ಕಿತ್ತೂರು–ಸವದತ್ತಿ–ರಾಮದುರ್ಗ ಸೀಮೆಯ ಆಕಾಶ

ಈ ನಾಲ್ಕು ತಾಲ್ಲೂಕುಗಳು ಉತ್ತರ ಅಕ್ಷಾಂಶ 16 ಡಿಗ್ರಿಯ ಆಸುಪಾಸಿನಲ್ಲಿವೆ. ಕಿತ್ತೂರು ಕೋಟೆಯ ಅರಮನೆಯಲ್ಲಿ ಧ್ರುವ ನಕ್ಷತ್ರವನ್ನು ನೋಡಲು ಗೋಡೆಯಲ್ಲಿ ಮಾಡಿರುವ ರಂಧ್ರವು ಆಕಾಶ ವೀಕ್ಷಣೆಗೆ ಸಂಬಂಧಿಸಿದ ಇಲ್ಲಿನ ಗಮನಾರ್ಹ ಅವಶೇಷ. ಧ್ರುವವು ಸ್ಥಳದ ಅಕ್ಷಾಂಶದಷ್ಟೇ ಎತ್ತರದಲ್ಲಿ ಕಾಣುವುದರಿಂದ ಕಿತ್ತೂರಿನಲ್ಲಿ ಅದು ಉತ್ತರ ದಿಗಂತದಿಂದ ಸುಮಾರು ಹದಿನೈದೂವರೆ ಡಿಗ್ರಿ ಮೇಲಿರುತ್ತದೆ.

ಈ ಅಕ್ಷಾಂಶದಿಂದ ಉತ್ತರ ಮತ್ತು ದಕ್ಷಿಣ ಆಕಾಶಗಳೆರಡರ ನೀಹಾರಿಕೆಗಳೂ ದೊರೆಯುತ್ತವೆ. ಮಹಾವ್ಯಾಧ ನೀಹಾರಿಕೆ ದಕ್ಷಿಣದಲ್ಲಿ 69 ಡಿಗ್ರಿ, ಲಗೂನ್ ಸುಮಾರು 50 ಡಿಗ್ರಿ, ಉತ್ತರ ಅಮೆರಿಕ ನೀಹಾರಿಕೆ ಉತ್ತರದಲ್ಲಿ ಸುಮಾರು 61 ಡಿಗ್ರಿ ಎತ್ತರಕ್ಕೆ ಏರುತ್ತವೆ. ಯುರೋಪಿನಲ್ಲಿ ಉದಯಿಸದ ಕ್ಯಾರಿನಾ ನೀಹಾರಿಕೆ ಇಲ್ಲಿ ಏಪ್ರಿಲ್ ತಿಂಗಳ ನಡುವೆ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ದಕ್ಷಿಣ ದಿಗಂತದಿಂದ 14 ಡಿಗ್ರಿ ಮೇಲೆ ಬರುತ್ತದೆ.

ವೀಕ್ಷಣೆಯ ಕಾಲವು ಮಳೆ ಮತ್ತು ಚಂದ್ರನನ್ನು ಅವಲಂಬಿಸಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಮೋಡ ಕವಿದಿರುತ್ತದೆ. ಈ ಸೀಮೆಯ ರೈತರು ಮಳೆಯನ್ನು ರೋಹಿಣಿ, ಮಿರಗ, ಆರಿದ್ರಾ ಎಂದು ನಕ್ಷತ್ರಗಳ ಹೆಸರಿನಿಂದ ಗುರುತಿಸುತ್ತಾರೆ. ಸೂರ್ಯ ಆಯಾ ನಕ್ಷತ್ರದಲ್ಲಿರುವ ಅವಧಿಯೇ ಆ ಮಳೆಯ ಕಾಲ. ಆದ್ದರಿಂದ ಮಿರಗದ ಮಳೆಯ ದಿನಗಳಲ್ಲಿ ಮೃಗಶಿರ ಮತ್ತು ಅದರ ಹತ್ತಿರದ ಮಹಾವ್ಯಾಧ ನೀಹಾರಿಕೆ ಹಗಲಾಕಾಶದಲ್ಲಿರುತ್ತವೆ, ರಾತ್ರಿ ಸಿಗುವುದಿಲ್ಲ. ಮೃಗಶಿರದ ಮುಖ್ಯ ತಾರೆಯ ಸುತ್ತಲೂ ಬಹು ವಿಸ್ತಾರವಾದ ಮಂದ ನೀಹಾರಿಕೆಯಿದ್ದು, ದೀರ್ಘಕಾಲ ಬೆಳಕಿಗೆ ಒಡ್ಡಿದ ಚಿತ್ರಗಳಲ್ಲಿ ಅದು ಮೀನಿನ ರೂಪದಲ್ಲಿ ಮೂಡುತ್ತದೆ.

ರೈತರು ಹೊಲದಲ್ಲಿ ಚರಗ ಚೆಲ್ಲುವ ಎಳ್ಳ ಅಮಾವಾಸ್ಯೆ ಡಿಸೆಂಬರ್–ಜನವರಿಯಲ್ಲಿ ಬರುತ್ತದೆ. ಆ ರಾತ್ರಿ ಚಂದ್ರನಿಲ್ಲ. 10ರಿಂದ 12 ಗಂಟೆಯ ನಡುವೆ ಮಹಾವ್ಯಾಧ ನೀಹಾರಿಕೆ ಅತಿ ಎತ್ತರದಲ್ಲಿರುತ್ತದೆ. ವರ್ಷದಲ್ಲಿ ಅದನ್ನು ನೋಡಲು ಉತ್ತಮ ಕಾಲ ಇದು. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಜಾತ್ರೆ ಸೇರುವ ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗಳ ಆಸುಪಾಸಿನಲ್ಲಿ ಬೆಳದಿಂಗಳಿಂದ ಮಂದ ನೀಹಾರಿಕೆಗಳು ಅಡಗುತ್ತವೆ. ಲಗೂನ್ ಮತ್ತು ಹದ್ದು ನೀಹಾರಿಕೆಗಳನ್ನು ಮಾರ್ಚ್‌ನಿಂದ ಮೇ ತಿಂಗಳವರೆಗೆ ನಸುಕಿನಲ್ಲಿ ನೋಡಬಹುದು.

ಮಹಾವ್ಯಾಧ ನೀಹಾರಿಕೆ ಊರ ದೀಪಗಳಿಂದ ದೂರದ ಹೊಲದಲ್ಲಿ ಬರಿಗಣ್ಣಿಗೇ ಮಸುಕು ಚುಕ್ಕೆಯಾಗಿ ಕಾಣುತ್ತದೆ. ಬೈನಾಕ್ಯುಲರಿನಲ್ಲಿ ಮೋಡದ ಹರವು ಗೊತ್ತಾಗುತ್ತದೆ. ಕುದುರೆಮುಖ ನೀಹಾರಿಕೆಯ ಆಕೃತಿ ಸಣ್ಣ ದೂರದರ್ಶಕದಲ್ಲಿ ಕಣ್ಣಿಗೆ ಸಿಗುವುದಿಲ್ಲ, ಛಾಯಾಚಿತ್ರವೇ ಬೇಕು.

ಉಪಯೋಗಗಳು

ಪರಿಚಿತ ಹೆಸರು ಆಕಾಶಕಾಯವನ್ನು ನೆನಪಿನಲ್ಲಿಡಲು ನೆರವಾಗುತ್ತದೆ. ಶಾಲೆಗಳಲ್ಲಿ ನಕ್ಷತ್ರಗಳ ಹುಟ್ಟು–ಸಾವಿನ ಪಾಠಕ್ಕೆ ಈ ಚಿತ್ರಗಳು ಆಧಾರ. ರೂಪ ಗುರುತಿಸುವ ಮಾನವ ಸಾಮರ್ಥ್ಯವನ್ನು ಸಂಶೋಧನೆಯಲ್ಲೂ ಬಳಸಲಾಗಿದೆ. ಮಿಲ್ಕಿ ವೇ ಪ್ರಾಜೆಕ್ಟ್ ಎಂಬ ಯೋಜನೆಯಲ್ಲಿ ಸುಮಾರು 35,000 ಸ್ವಯಂಸೇವಕರು ಸ್ಪಿಟ್ಜರ್ ದೂರದರ್ಶಕದ ಅವಕೆಂಪು ಚಿತ್ರಗಳನ್ನು ನೋಡಿ ಅನಿಲದ ಗುಳ್ಳೆಗಳನ್ನು ಗುರುತಿಸಿದರು. 2012ರಲ್ಲಿ ಪ್ರಕಟವಾದ ಅದರ ಪಟ್ಟಿಯಲ್ಲಿ 5,106 ಗುಳ್ಳೆಗಳಿವೆ. ಬಣ್ಣವು ಧಾತು ಮತ್ತು ಉಷ್ಣತೆಯ ಹಂಚಿಕೆಯನ್ನು ಸೂಚಿಸುವುದರಿಂದ, ವರ್ಣಚಿತ್ರವು ನೋಟದ ಸೊಬಗಿನ ಜೊತೆಗೆ ನಕ್ಷೆಯ ಕೆಲಸವನ್ನೂ ಮಾಡುತ್ತದೆ.

ಇಂದಿನ ಸ್ಥಿತಿ

ನಾಸಾ 1995ರ ಜೂನ್ 16ರಿಂದ ದಿನಕ್ಕೊಂದು ಖಗೋಳ ಚಿತ್ರವನ್ನು ವಿವರಣೆ ಸಹಿತ ಪ್ರಕಟಿಸುತ್ತ ಬಂದಿದೆ. ಹಬಲ್ ಮತ್ತು ವೆಬ್ ದೂರದರ್ಶಕಗಳ ಚಿತ್ರಗಳನ್ನು ಯಾರಾದರೂ ಉಚಿತವಾಗಿ ಪಡೆಯಬಹುದು. ಕಾಯವನ್ನು ತಾನೇ ಹುಡುಕಿ, ಹಲವು ಚಿತ್ರಗಳನ್ನು ಕೂಡಿಸಿ ಮೊಬೈಲ್ ಪರದೆಗೆ ಕಳಿಸುವ ಸ್ಮಾರ್ಟ್ ದೂರದರ್ಶಕಗಳು ಹವ್ಯಾಸಿಗಳ ಕೈಸೇರಿವೆ. ಇನ್ನೊಂದೆಡೆ ನಗರಗಳ ದೀಪದ ಬೆಳಕು ಮಂದ ನೀಹಾರಿಕೆಗಳನ್ನು ಮರೆಮಾಡುತ್ತಿದೆ. ಹಾನ್ಲೆ ಪ್ರದೇಶವನ್ನು 2022ರಲ್ಲಿ ಕತ್ತಲಾಕಾಶ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಕಂಪ್ಯೂಟರ್ ಸೃಷ್ಟಿಸಿದ ಕೃತಕ ಚಿತ್ರಗಳು ನೈಜ ಚಿತ್ರಗಳ ಜೊತೆ ಬೆರೆತು ಹರಿದಾಡುವುದು ಇತ್ತೀಚಿನ ತೊಡಕು. ಅಧಿಕೃತ ಚಿತ್ರದ ಜೊತೆಗೆ ನೀಹಾರಿಕೆಯ ಪಟ್ಟಿ ಸಂಖ್ಯೆ, ಬಳಸಿದ ದೂರದರ್ಶಕ ಹಾಗೂ ಯಾವ ತರಂಗಾಂತರಕ್ಕೆ ಯಾವ ಬಣ್ಣ ಕೊಡಲಾಗಿದೆ ಎಂಬ ವಿವರಗಳು ಸಾಮಾನ್ಯವಾಗಿ ಇರುತ್ತವೆ. ಚಿತ್ರದ ನೈಜತೆಯನ್ನು ತಿಳಿಯಲು ಓದುಗರು ಮೊದಲು ನೋಡಬೇಕಾದದ್ದು ಈ ಮೂರನ್ನು.